ಸಿಎನ್‌ಎನ್‌ನ ‘ಫಿಯರ್ ಅಂಡ್ ಗ್ರೀಡ್’ ಸೂಚ್ಯಂಕ: ಮುಳ್ಳು ಅಳೆಯುವುದು ಮನಸ್ಸನ್ನೋ ಬೆಲೆಯನ್ನೋ?

ಮೊದಲು ಬದಲಾಗುವುದು ಸಮಾಜದ ಮನಸ್ಥಿತಿ, ಷೇರುಪೇಟೆ ಅದನ್ನು ಕೂಡಲೇ ತೋರಿಸುತ್ತದೆ, ಘಟನೆಗಳು ಆಮೇಲೆ ಬರುತ್ತವೆ ಎಂಬುದು ಅಮೆರಿಕದ ಷೇರುಪೇಟೆ ವಿಶ್ಲೇಷಕ ರಾಬರ್ಟ್ ಪ್ರೆಕ್ಟರ್ ಅವರ ‘ಸೋಷಿಯೊನಾಮಿಕ್ಸ್’ ವಾದ. ಆ ಮನಸ್ಥಿತಿಯನ್ನು ಅಳೆಯಹೊರಟವರಿಗೆ ಸುಲಭಕ್ಕೆ ಸಿಗುವುದು ಸಿಎನ್‌ಎನ್‌ನ ಈ ಉಚಿತ ಮೀಟರ್. 0 ಎಂದರೆ ವಿಪರೀತ ಭಯ, 100 ಎಂದರೆ ವಿಪರೀತ ದುರಾಸೆ. ನೋಡಲು ಸಲೀಸು. ಆದರೆ ಪ್ರೆಕ್ಟರ್ ವಾದವನ್ನು ಒರೆಗೆ ಹಚ್ಚಲು ಇದು ಬರುವುದಿಲ್ಲ.

ಕಾರಣ ಒಳಗಿನ ಏಳು ಅಂಶಗಳಲ್ಲೇ ಇದೆ. ಅಮೆರಿಕದ 500 ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ಎಸ್ ಅಂಡ್ ಪಿ 500 ತನ್ನ 125 ದಿನಗಳ ಸರಾಸರಿಗಿಂತ ಎಷ್ಟು ಮೇಲಿದೆ, 52 ವಾರಗಳ ಗರಿಷ್ಠ ಮುಟ್ಟಿದ ಷೇರುಗಳೆಷ್ಟು, ಏರಿದ ಷೇರುಗಳ ವಹಿವಾಟು ಎಷ್ಟು, ಪುಟ್–ಕಾಲ್ ಅನುಪಾತ (ಬೆಲೆ ಇಳಿಯುತ್ತದೆ ಎಂಬ ಆಪ್ಷನ್‌ಗಳಿಗೂ ಏರುತ್ತದೆ ಎಂಬ ಆಪ್ಷನ್‌ಗಳಿಗೂ ಇರುವ ಪ್ರಮಾಣ), ವಿಕ್ಸ್ (ಮುಂದಿನ ಏರಿಳಿತ ಎಷ್ಟಿದ್ದೀತು ಎಂಬ ಪೇಟೆಯ ಅಂದಾಜು), ಬಾಂಡ್‌ಗಳೆದುರು ಷೇರುಗಳ 20 ದಿನಗಳ ಗಳಿಕೆ, ಜಂಕ್ ಬಾಂಡ್‌ಗಳ (ಹೆಚ್ಚು ಅಪಾಯದ ಕಂಪನಿ ಸಾಲಪತ್ರಗಳ) ಇಳುವರಿಗೂ ಸುರಕ್ಷಿತ ಬಾಂಡ್‌ಗಳ ಇಳುವರಿಗೂ ಇರುವ ಅಂತರ. ಜನರನ್ನು ಕೇಳಿ ಪಡೆದ ಉತ್ತರ ಒಂದೂ ಇಲ್ಲ, ಎಲ್ಲವೂ ಪೇಟೆಯದೇ ಅಂಕಿ. ಪೇಟೆ ಕುಸಿದರೆ ಮುಳ್ಳು ಇಳಿಯಲೇಬೇಕು, ಅದನ್ನು ‘ಭಯದಿಂದ ಕುಸಿಯಿತು’ ಎಂದು ಓದುವುದು ಸುತ್ತು ತರ್ಕ. ಸಾಲದ್ದಕ್ಕೆ ಏಳಕ್ಕೂ ಸಮಾನ ತೂಕ, ಹೀಗಾಗಿ ಒಂದೇ ಕುಸಿತ ನಾಲ್ಕೈದು ಕಡೆ ಲೆಕ್ಕಕ್ಕೆ ಸೇರುತ್ತದೆ.

ಹೆಚ್ಚು ದಾರಿ ತಪ್ಪಿಸುವುದು ವಿಕ್ಸ್ ಭಾಗ. ಅದನ್ನು ಹೋಲಿಸುವುದು ಅದರದೇ 50 ದಿನಗಳ ಸರಾಸರಿಯೊಂದಿಗೆ. 2020ರ ಮಾರ್ಚ್ 16ರಂದು ವಿಕ್ಸ್ 82.69ಕ್ಕೆ ಮುಗಿಯಿತು. ಮೇ ಎರಡನೇ ವಾರದ ಹೊತ್ತಿಗೆ ಅದು 30ರ ಆಸುಪಾಸಿಗೆ ಇಳಿದಿತ್ತು. ಮಾಮೂಲಿ ದಿನಗಳಿಗೆ ಇದೂ ಹೆಚ್ಚೇ, ಆದರೆ ಮಾರ್ಚಿನ ಅಂಕಿಗಳಿಂದ ಉಬ್ಬಿದ ಸರಾಸರಿಯ ಮುಂದೆ ಅದು ಶಾಂತವಾಗಿ ಕಾಣುತ್ತದೆ. 125 ದಿನಗಳ ಸರಾಸರಿ ಇನ್ನೂ ನಿಧಾನ. ಪೇಟೆ ಚೇತರಿಸಿಕೊಂಡರೂ ಅದು ವಾರಗಟ್ಟಲೆ ಭಯವನ್ನೇ ತೋರಿಸಬಹುದು.

‘ವಿಪರೀತ ಭಯ’ ಕಂಡ ಕೂಡಲೇ ಕೊಳ್ಳುವುದೂ ಅಪಾಯ. ಅದೇ ಮಾರ್ಚ್ 16ರಂದು ಎಸ್ ಅಂಡ್ ಪಿ 2386ರಲ್ಲಿತ್ತು. 23ರಂದು ತಳ ಕಂಡದ್ದು 2237ರಲ್ಲಿ, ಅಂದರೆ ಇನ್ನೂ ಶೇ 6ರಷ್ಟು ಕೆಳಗೆ. ದುರಾಸೆಯ ತುದಿಯಂತೂ ತಿಂಗಳುಗಟ್ಟಲೆ ಎಳೆಯಬಲ್ಲದು.

ಬಳಸುವುದಾದರೆ ಒಟ್ಟು ಅಂಕಿ ಬಿಟ್ಟು ಮೀಟರ್‌ನ ಕೆಳಗಿರುವ ಏಳು ನಕ್ಷೆಗಳನ್ನು ಬಿಡಿಬಿಡಿಯಾಗಿ ನೋಡಿ. ಮೊದಲು ಜಂಕ್ ಬಾಂಡ್: ಷೇರುಗಳನ್ನಾಗಲಿ ಅವುಗಳ ಆಪ್ಷನ್‌ಗಳನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳದ ಭಾಗ ಅದೊಂದೇ. ಜತೆಗೆ 1987ರಿಂದ ನಡೆಯುತ್ತಿರುವ ಎಎಐಐ (ಅಮೆರಿಕದ ವೈಯಕ್ತಿಕ ಹೂಡಿಕೆದಾರರ ಸಂಘ) ಸಮೀಕ್ಷೆಯನ್ನು ಇಟ್ಟುಕೊಳ್ಳಿ. ಮುಂದಿನ ಆರು ತಿಂಗಳಲ್ಲಿ ಷೇರುಗಳು ಏರುತ್ತವೆಯೋ ಇಳಿಯುತ್ತವೆಯೋ ಎಂದು ಅದು ಪ್ರತಿ ವಾರ ಸದಸ್ಯರನ್ನೇ ಕೇಳುತ್ತದೆ. ಉತ್ತರಿಸುವವರು ಇಷ್ಟಪಟ್ಟು ಬಂದ ಹೂಡಿಕೆದಾರರೇ ಹೊರತು ಇಡೀ ಸಮಾಜವಲ್ಲ. ಆದರೂ 2009ರ ಮಾರ್ಚ್ 5ರಂದು ಅದರ ‘ಇಳಿಯುತ್ತದೆ’ ಪಾಲು ಶೇ 70 ದಾಟಿತ್ತು, ನಾಲ್ಕೇ ದಿನಕ್ಕೆ, 9ರಂದು, ಪೇಟೆ ತಳ ಮುಟ್ಟಿತು.