ರೀಲು, ವಾಟೆ, ಕೈಕೋಲು: ನಮ್ಮ ಕೆರೆಗಳಿಗೆ ಯಾವ ಗಾಳ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈಕೋಲಿಗೆ. ದಾರ ಸುತ್ತುವ ರೀಲಿಲ್ಲ, ದಾರ ಹಾಯಿಸುವ ರಿಂಗಿಲ್ಲ, ಒಂದರೊಳಗೊಂದು ಸೇರಿಕೊಳ್ಳುವ ಫೈಬರ್ ಕೋಲು ಅಷ್ಟೇ. ಹ್ಯಾಂಡ್ ಪೋಲ್ ಅಂತ ಕೇಳಿದರೆ ಸಿಗುತ್ತದೆ. ಆದರೆ ಅದು ಕೈಗೆ ಬರುವ ಮೊದಲು ರೀಲ್ ಸೆಟ್ಟಿಗೆ ಒಂದೂವರೆ ಸಾವಿರದ ಹತ್ತಿರ ಸುರಿದಿದ್ದೇನೆ. ಆ ಹೊಟ್ಟೆಉರಿಗೇ ಇಷ್ಟುದ್ದ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ನಾನಿರುವುದು ಹಾಸನದಲ್ಲಿ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬೈಕ್ ಹತ್ತಿದರೆ ಶಾಂತಿಗ್ರಾಮದ ಕಡೆ ಯಾವುದಾದರೂ ಕೆರೆ ಏರಿ, ಇಲ್ಲವೇ ಬೇಲೂರಿನ ಹತ್ತಿರ ನೆಂಟರ ಕಾಫಿ ತೋಟದ ಕೆರೆ. ತೋಟದ ಕೆರೆ ಅಂದರೆ ದೊಡ್ಡದೇನಲ್ಲ, ಹೂವಿಗೆ ಸ್ಪ್ರಿಂಕ್ಲರ್ ಹಾಕೋಕೆ ನೀರು ನಿಲ್ಲಿಸಿಕೊಂಡಿರುವ ಗುಂಡಿ. ಸಿಗುವ ಮೀನೆಂದರೆ ಜಿಲೇಬಿ (ತಿಲಾಪಿಯಾ), ಪಕ್ಕೆ, ಅದೃಷ್ಟ ಇದ್ದರೆ ಒಂದು ಗೆಂಡೆ. ಊರ ಕೆರೆಗಳಲ್ಲಿ ಮೀನು ಸಾಮಾನ್ಯವಾಗಿ ಯಾರದ್ದೋ ಗುತ್ತಿಗೆಯಲ್ಲಿರುತ್ತದೆ, ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿಯೇ ಗಾಳ ಹಾಕಿ. ಕೇಳಿದರೆ ಬೇಡ ಅನ್ನುವವರು ಕಡಿಮೆ, ಕೇಳದೆ ಕೂತರೆ ಬೈಸಿಕೊಳ್ಳುವುದು ಗ್ಯಾರಂಟಿ.

ಇನ್ನು ರೀಲ್ ಸೆಟ್ಟಿನ ಕಥೆ. ದೀಪಾವಳಿ ಹೊತ್ತಿಗೆ ಆನ್‌ಲೈನಿನಲ್ಲಿ ತರಿಸಿದೆ. ಏಳು ಅಡಿಯ ಮಡಚುವ ರಾಡು, ರೀಲು, ದಾರ, ಡಬ್ಬಿ ತುಂಬ ಪ್ಲಾಸ್ಟಿಕ್ ಮೀನು, ರಬ್ಬರ್ ಕಪ್ಪೆ, ಎಲ್ಲ ಸೇರಿ 1,450 ರೂಪಾಯಿ. ವಿಡಿಯೋದಲ್ಲಿ ಆ ಮನುಷ್ಯ ಒಂದು ಸಲ ಬೀಸಿದರೆ ದಾರ ಆಚೆ ದಡದ ತನಕ ಹೋಗುತ್ತಿತ್ತು. ನನಗೆ ಆಚೆ ದಡದಲ್ಲಿ ಏನು ಕೆಲಸ ಅಂತ ಒಂದು ಸಲವೂ ಯೋಚನೆ ಬರಲಿಲ್ಲ ನೋಡಿ.

ಮೊದಲ ದಿನ ಮೂರನೇ ಬೀಸಿಗೇ ಶುರುವಾಯಿತು. ನೀರ ಮೇಲೆ ತೇಲಬೇಕಾದ ಬೆಂಡು ಹತ್ತು ಅಡಿ ಹೋಗಿ, ಯಾರೋ ಹಿಂದಿನಿಂದ ಜಗ್ಗಿದ ಹಾಗೆ ಗಾಳಿಯಲ್ಲೇ ನಿಂತು, ತಟ್ಟನೆ ನನ್ನ ಕಾಲ ಬುಡಕ್ಕೆ ಬಿತ್ತು. ನೋಡಿದರೆ ಮೊದಲ ರಿಂಗಿನ ಬಾಯಿಗೆ ದಾರದ ಉಂಡೆ ಸಿಕ್ಕಿಕೊಂಡಿದೆ. ಗುಬ್ಬಿ ಗೂಡೇ. ಏರಿ ಕಲ್ಲಿನ ಮೇಲೆ ಕೂತು, ಅಂಗಿಯ ಪಿನ್ನು ತೆಗೆದು ಒಂದೊಂದೇ ಕುಣಿಕೆ ಬಿಡಿಸಿದೆ. ಒಂದು ಬಿಡಿಸಿದರೆ ಇನ್ನೆರಡು ಬಿಗಿಯುತ್ತಿದ್ದವು. ಹೊತ್ತು ಇಳಿಯುವಾಗಲೇ ಅಲ್ವಾ ಜಿಲೇಬಿ ಚೆನ್ನಾಗಿ ಕಚ್ಚುವುದು? ಆ ನಲವತ್ತು ನಿಮಿಷ ಪೂರ್ತಿ ನಾನು ಗಂಟು ಬಿಡಿಸುತ್ತಿದ್ದೆ. ಪಕ್ಕದಲ್ಲಿ ವಾಟೆ, ಅಂದರೆ ಸಣ್ಣ ಬಿದಿರಿನ ಕೋಲು ಹಿಡಿದಿದ್ದ ಒಬ್ಬ ಹುಡುಗ ಮುದ್ದೆ ಚೂರು ಸಿಕ್ಕಿಸಿ ಒಂದಾದ ಮೇಲೊಂದು ಎಳೆಯುತ್ತಿದ್ದ. ಮಧ್ಯೆ ನನ್ನ ಕೈ ನೋಡಿ ಕೇಳಿದ: ‘ಅಣ್ಣ, ಅದು ಬಲೆನಾ?’

ನಾಲ್ಕು ಭಾನುವಾರ ಇದೇ ಆಯಿತು. ರೀಲೇ ಕೆಟ್ಟದ್ದು ಅಂದುಕೊಂಡಿದ್ದೆ, ಪಾಪ, ಪೂರ್ತಿ ಅದರ ತಪ್ಪಲ್ಲ. ನಮ್ಮ ಬೆಂಡು, ಸೀಸ, ಗಾಳದ ಮುಳ್ಳು ಎಲ್ಲ ಸೇರಿದರೂ ನಾಲ್ಕು ಗ್ರಾಂ ತೂಗುವುದಿಲ್ಲ. ಅಷ್ಟು ಹಗುರದ್ದನ್ನು ಎಳೆದು ಸುತ್ತುವಾಗ ದಾರಕ್ಕೆ ಬಿಗಿಯೇ ಸಿಗುವುದಿಲ್ಲ, ರೀಲಿನ ಉರುಳೆ ಅಂದರೆ ಸ್ಪೂಲಿನ ಮೇಲೆ ಜೊಳ್ಳಾಗಿ ಕೂರುತ್ತದೆ. ಮುಂದಿನ ಸಲ ಬೀಸಿದಾಗ ಮೇಲಿನ ಸುತ್ತು ಕೆಳಗಿನ ಜೊಳ್ಳು ಸುತ್ತುಗಳನ್ನೂ ಎಬ್ಬಿಸಿಕೊಂಡು ಒಟ್ಟಿಗೆ ಹೊರಡುತ್ತದೆ, ರಿಂಗಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಜೊತೆಗೆ ಆ ತಂತಿಯ ಬಳೆ ಇದೆಯಲ್ಲ, ಬೇಲ್ ಅನ್ನುತ್ತಾರೆ, ಅದನ್ನು ಹಿಡಿ ತಿರುಗಿಸಿ ಮುಚ್ಚಿದರೆ ಅಲ್ಲೊಂದು ಕುಣಿಕೆ ಉಳಿದುಬಿಡುತ್ತದೆ. ಕೈಯಲ್ಲೇ ಮುಚ್ಚಿ, ದಾರವನ್ನು ಒಂದು ಸಲ ಜಗ್ಗಿ, ಆಮೇಲೆ ಸುತ್ತಬೇಕು. ಸೆಟ್ಟಿನ ಜೊತೆ ಬಂದ ದಾರ ಬೇರೆ ದಪ್ಪ, ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿ, ಸ್ಪೂಲಿನ ಅಂಚು ಮೀರುವಷ್ಟು ತುಂಬಿದ್ದರು. ಎರಡು ಮಿಲಿಮೀಟರಾದರೂ ಖಾಲಿ ಬಿಡಬೇಕಿತ್ತು.

ಸರಿ, ತೂಕ ಜಾಸ್ತಿ ಮಾಡೋಣ ಅಂತ 15 ಗ್ರಾಮಿನ ಸೀಸ ಕಟ್ಟಿದೆ. ದಾರ ನೆಟ್ಟಗೆ ಹೋಯಿತು, ಗಂಟು ನಿಂತಿತು, ಖುಷಿಯಾಯಿತು. ಆದರೆ ಸೀಸ ಹೋಗಿ ಕೆಸರಲ್ಲಿ ಹೂತುಕೊಂಡಿತು. ನಮ್ಮ ಕೆರೆಗಳ ತಳ ಗೊತ್ತಲ್ಲ, ಮೊಣಕಾಲುದ್ದ ಗೋಡು. ಎಳೆದರೆ ಒಂದೋ ಜೊಂಡು ಬರುತ್ತದೆ, ಇಲ್ಲವೇ ದಾರ ಕಟ್ಟಾಗುತ್ತದೆ. ಜಿಲೇಬಿ ಬಂದು ತುಟಿ ಮುಟ್ಟಿಸಿ ಹೋದರೆ ಅಷ್ಟು ದಪ್ಪ ರಾಡಿನ ತುದಿಗೆ ಗೊತ್ತೂ ಆಗುವುದಿಲ್ಲ. ಎರೆಹುಳು ಖಾಲಿ, ಮುಳ್ಳು ತೊಳೆದಿಟ್ಟ ಹಾಗೆ ವಾಪಸ್.

ರಾಡಿನ ಬಗ್ಗೆಯೂ ಒಂದು ದೂರಿದೆ. ಮಡಚುವ ಕೀಲಿನ ಸಂದಿಗೆ ಮರಳು ಹೋದರೆ ಕರ ಕರ ಅಂದು ಕಚ್ಚಿಕೊಳ್ಳುತ್ತದೆ. ತುಂಡುಗಳ ತುದಿಗೆ ರಿಂಗು ಅಂಟಿಸಿರುವುದರಿಂದ ಬಿಚ್ಚಿ ತೊಳೆಯುವ ಹಾಗೂ ಇಲ್ಲ. ಒಂದು ದಿನ ಹಾಗೆ ಕಚ್ಚಿಕೊಂಡ ರಾಡನ್ನು ಏಳಡಿ ಉದ್ದವೇ ಬೈಕಿಗೆ ಕಟ್ಟಿಕೊಂಡು ಮನೆಗೆ ಬಂದೆ. ಮಡಚುವ ರಾಡು ತಗೊಂಡಿದ್ದೇ ಬೈಕಿಗೆ ಅನುಕೂಲ ಅಂತ!

ವಾಟೆ ಕೋಲಿಗೆ ಬರೋಣ. ನೆಂಟರ ತೋಟದ ಹಳ್ಳದ ದಂಡೆಯಲ್ಲಿ ಬೇಕಾದಷ್ಟಿದೆ, ನನಗೆ ಖರ್ಚು ಸೊನ್ನೆ. ಹಗುರ, ತುದಿ ನಾಜೂಕು, ಮೀನು ಉಸಿರಾಡಿದರೂ ಕೈಗೆ ಗೊತ್ತಾಗುತ್ತದೆ. ನೆರಳಲ್ಲಿ ನಿಧಾನ ಒಣಗಿಸಬೇಕು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಗುಲಿದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಕುಟ್ಟೆ ಹುಳು ಬಿದ್ದು ಒಳಗೆಲ್ಲ ಹಿಟ್ಟಾಗುತ್ತದೆ. ಅಮಾವಾಸ್ಯೆಗೆ ಕಡಿದರೆ ಹುಳ ಬೀಳುವುದಿಲ್ಲ ಅನ್ನುತ್ತಾರೆ, ನಾನು ಯಾವತ್ತೂ ಭಾನುವಾರಕ್ಕೇ ಕಡಿಯುವುದು. ದಾರವನ್ನು ತುದಿಗಷ್ಟೇ ಕಟ್ಟಬೇಡಿ. ಕೋಲಿನ ಉದ್ದಕ್ಕೂ ಸುತ್ತಿ ಬುಡದ ಹತ್ತಿರ ಕಟ್ಟಿ, ತುದಿ ಮುರಿದರೂ ಮೀನು ಕೈ ತಪ್ಪುವುದಿಲ್ಲ. ಎಲ್ಲ ಸರಿ, ಆದರೆ ಹನ್ನೆರಡು ಅಡಿ ಕೋಲು ಹಿಡಿದು ಹಾಸನದ ಟ್ರಾಫಿಕ್ಕಿನಲ್ಲಿ ಬೈಕ್ ಓಡಿಸೋದು ನನ್ನಿಂದ ಆಗದ ಕೆಲಸ. ಕೆರೆ ಪಕ್ಕದಲ್ಲೇ ಮನೆ ಇದ್ದಿದ್ದರೆ ನಾನು ಈ ಬರಹವನ್ನೇ ಬರೆಯುತ್ತಿರಲಿಲ್ಲ, ವಾಟೆ ಸಾಕಾಗಿತ್ತು.

ಕೈಕೋಲು ಅಂದರೆ ನನ್ನ ಲೆಕ್ಕದಲ್ಲಿ ಬ್ಯಾಗಿಗೆ ಹಿಡಿಯುವ ವಾಟೆ. ನನ್ನದು 4.5 ಮೀಟರ್, ಅಂದರೆ ಹತ್ತಿರ ಹತ್ತಿರ 15 ಅಡಿ, ಮಡಚಿದರೆ ಒಂದು ಮೊಳಕ್ಕಿಂತ ಚೂರು ಜಾಸ್ತಿ. 850 ರೂಪಾಯಿ ಕೊಟ್ಟೆ. ತುದಿಯಲ್ಲಿ ಒಂದು ಕೆಂಪು ಹುರಿ ಇರುತ್ತದೆ, ದಾರಕ್ಕೆ ಕುಣಿಕೆ ಹಾಕಿ ಅದಕ್ಕೆ ಸಿಕ್ಕಿಸಿದರೆ ಮುಗಿಯಿತು. ದಾರದ ಉದ್ದ ಕೋಲಿಗಿಂತ ಒಂದು ಗೇಣು ಕಡಿಮೆ ಇರಲಿ. ಕೋಲು ಎತ್ತಿದರೆ ಮೀನು ತೂಗಿಕೊಂಡು ಬಂದು ಸೀದಾ ಅಂಗೈಗೆ ಬೀಳುತ್ತದೆ. ಇನ್ನೂ ಒಂದು ಸುಖ ಇದೆ: ಬುಡದ ಮುಚ್ಚಳ ತಿರುಗಿಸಿದರೆ ಎಲ್ಲ ತುಂಡುಗಳೂ ಹಿಂದಿನಿಂದ ಜಾರಿ ಹೊರಗೆ ಬರುತ್ತವೆ. ನಲ್ಲಿ ಕೆಳಗೆ ತೊಳೆದು, ಒರೆಸಿ, ವಾಪಸ್ ಹಾಕುವುದು. ಮರಳಿನ ಕಾಟವೇ ಇಲ್ಲ. ರೀಲ್ ರಾಡಿನಲ್ಲಿ ಒದ್ದಾಡಿದವರಿಗೇ ಇದರ ಬೆಲೆ ಗೊತ್ತು.

ಹದಿನೈದು ಅಡಿ ಸಾಲುತ್ತಾ ಅಂತ ಕೇಳಬಹುದು. ಜಿಲೇಬಿ ಇರುವುದೇ ದಡದಲ್ಲಿ. ಬಿಸಿಲಿಗೆ ನೀರು ತಿಳಿಯಾಗಿದ್ದಾಗ ಏರಿ ಮೇಲಿಂದ ಬಗ್ಗಿ ನೋಡಿ, ತಟ್ಟೆ ಒತ್ತಿದ ಹಾಗೆ ದುಂಡನೆಯ ಗುಳಿಗಳು ಕಾಣುತ್ತವೆ. ಗಂಡು ಜಿಲೇಬಿ ಮಾಡಿಕೊಂಡ ಗೂಡು ಅವು. ನನ್ನ ಕೆರೆಗಳಲ್ಲಿ ದಡದಿಂದ ಎಂಟು ಹತ್ತು ಅಡಿ ಅಷ್ಟೇ. 1952ರಲ್ಲಿ ಆಫ್ರಿಕಾ ಮೂಲದ ಈ ಮೀನು ನಮ್ಮ ದೇಶಕ್ಕೆ ಬಂದಿದ್ದು, ಈಗ ಅದು ಇಲ್ಲದ ಕೆರೆ ತೋರಿಸಿ ನೋಡೋಣ. ಜೊಂಡಿನ ಸಂದಿಯಲ್ಲಿ ಒಂದು ಮೊಳ ಖಾಲಿ ನೀರು ಇದ್ದರೂ ಸಾಕು, ಕೈಕೋಲಿನಿಂದ ಬೆಂಡನ್ನು ಅಲ್ಲಿಗೇ ಇಳಿಸಬಹುದು. ರೀಲು ಬೀಸಿ ಅಲ್ಲಿಗೆ ಬೀಳಿಸೋಕೆ ನನಗಂತೂ ಆಗಲಿಲ್ಲ.

ಕೊರತೆ ಇಲ್ಲ ಅಂತಲ್ಲ. ದೊಡ್ಡ ಮೀನು ಬಿದ್ದರೆ ಬಿಟ್ಟುಕೊಡೋಕೆ ದಾರವೇ ಇರುವುದಿಲ್ಲ. ಒಮ್ಮೆ ಒಂದು ಗೆಂಡೆ, ಎರಡು ಕೆಜಿ ಇತ್ತು ಅಂತ ನಾನು ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟಿದ್ದು, ಒಂದೇ ಓಟಕ್ಕೆ ಕೋಲನ್ನು ನೆಟ್ಟಗೆ ಮಾಡಿ ದಾರ ಕಿತ್ತುಕೊಂಡು ಹೋಯಿತು. ಕೋಲು ಬಾಗಿರುವ ತನಕ ಮಾತ್ರ ನಮ್ಮ ಆಟ, ಮೀನಿನ ಕಡೆ ನೆಟ್ಟಗಾದರೆ ಮುಗಿಯಿತು. ತುದಿ ತುಂಡು ಒಂದು ಸಲ ಮುರಿದು, ಅದನ್ನು ತರಿಸೋಕೆ ಮೂರು ವಾರ ಕಾದಿದ್ದೇನೆ.

ಏರಿ ಮೇಲೆ ಪಂಪ್‌ಸೆಟ್ಟಿನ ಕರೆಂಟ್ ತಂತಿ ಹಾದುಹೋಗಿರುವ ಕಡೆ ಉದ್ದ ಕೋಲು ಎತ್ತಲೇಬೇಡಿ, ಕಾರ್ಬನ್ ಕೋಲಾದರಂತೂ ಕರೆಂಟ್ ಸೀದಾ ಕೈಗೆ.

ಕೃಷಿ ಹೊಂಡಕ್ಕೆ ಗಾಳ ಹಾಕುವವರು ಸೀಸ ತಳ ಮುಟ್ಟದ ಹಾಗೆ ಬೆಂಡು ಕಟ್ಟಿ. ಮುಳ್ಳು ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ಸಿಕ್ಕಿ ಹರಿದರೆ ಹೊಂಡದ ನೀರೂ ಹೋಯಿತು, ನೆಂಟಸ್ತಿಕೆಯೂ ಹೋಯಿತು.

ಗೊರೂರಿನ ಹೇಮಾವತಿ ಹಿನ್ನೀರು, ಯಗಚಿ ಹಿನ್ನೀರು ಅಂತ ದೊಡ್ಡ ನೀರಿಗೆ ಹೋಗಿ ಕಾಟ್ಲಾಗೆ ಕಾಯುವವರಿಗೆ ರೀಲೇ ಬೇಕು, ಅದರಲ್ಲಿ ವಾದವಿಲ್ಲ. ರಬ್ಬರ್ ಕಪ್ಪೆ ಕಟ್ಟಿ ಕೊರವ ಮೀನು ಹಿಡಿಯುವವರಿಗೂ ಅಷ್ಟೇ. ಆದರೆ ಅವರು ಎರಡು ಮೂರು ಸಾವಿರಕ್ಕೆ ಒಳ್ಳೆಯ ರೀಲನ್ನು ಬೇರೆ, ರಾಡನ್ನು ಬೇರೆ ತಗೊಳ್ಳಲಿ, ಎಲ್ಲ ಸೇರಿಸಿ ಕೊಡುವ ಸೆಟ್ಟಿಗೆ ಕೈ ಹಾಕಬೇಡಿ. ನನಗೆ ಸಿಗುವುದು ವಾರಕ್ಕೆ ಎರಡೂವರೆ ಗಂಟೆ. ಬೇಕಿರುವುದು ರಾತ್ರಿ ಮುದ್ದೆಗೆ ಒಂದು ಸಾರಿಗಾಗುವಷ್ಟು ಮೀನು. ಅಷ್ಟಕ್ಕೆ 850 ರೂಪಾಯಿಯ ಕೋಲು ಸಾಕು.

ರೀಲ್ ಸೆಟ್ಟು ಅಟ್ಟದ ಮೇಲಿದೆ. ಬೇಕಾದವರು ಬಂದು ತಗೊಂಡು ಹೋಗಿ, ದುಡ್ಡು ಬೇಡ, ರಬ್ಬರ್ ಕಪ್ಪೆಯನ್ನೂ ಕೊಡುತ್ತೇನೆ. ದಾರ ಮಾತ್ರ ಕೇಳಬೇಡಿ. ಅದನ್ನು ಹಿತ್ತಲಲ್ಲಿ ಹೀರೇಬಳ್ಳಿ ಚಪ್ಪರಕ್ಕೆ ಕಟ್ಟಿದ್ದೇನೆ, ಚೆನ್ನಾಗಿ ಹಬ್ಬಿದೆ.