ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್: ಹಿಟ್ ಹಾಡುಗಳಿಗೇ ನಿಲ್ಲಬೇಡಿ, ಆಲ್ಬಮ್‌ಗಳನ್ನು ಕೇಳಿ

ಅಮೆರಿಕದ ರಾಕ್ ಬ್ಯಾಂಡ್ ಕ್ರೀಡೆನ್ಸ್ ಅನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು ಎಂದು ಯಾರನ್ನೇ ಕೇಳಿ, ಬರುವ ಉತ್ತರ ಒಂದೇ: 1976ರ ‘ಕ್ರಾನಿಕಲ್’ ಹಾಕಿ. 20 ಹಾಡುಗಳ ಸಂಗ್ರಹ ಅದು. ನಾನೂ ಬಹಳ ಕಾಲ ಅದನ್ನೇ ತಿರುಗಾ ಮುರುಗಾ ಕೇಳಿದ್ದೇನೆ, ಒಂದು ಹಾಡೂ ಬೇಸರ ತರಿಸಿಲ್ಲ. ಆದರೆ ವರ್ಷಗಟ್ಟಲೆ ಆಲ್ಬಮ್‌ಗಳನ್ನು ಮೊದಲಿಂದ ಕೊನೆವರೆಗೆ ಕೇಳುತ್ತಾ ಬಂದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಈ ಬ್ಯಾಂಡಿನ ಕಸುವು ಅರ್ಧಕ್ಕರ್ಧ ಆ ಸಂಗ್ರಹದ ಹೊರಗೇ ಇದೆ.

‘ಬಾರ್ನ್ ಆನ್ ದ ಬಾಯೂ’ ಹಾಡನ್ನೇ ತೆಗೆದುಕೊಳ್ಳಿ. 1969ರ ‘ಬಾಯೂ ಕಂಟ್ರಿ’ ಆಲ್ಬಮ್ ಶುರುವಾಗುವುದೇ ಅದರಿಂದ, ‘ಕ್ರಾನಿಕಲ್’ನಲ್ಲಿ ಅದಕ್ಕೆ ಜಾಗವಿಲ್ಲ. ಹೆಚ್ಚುಕಡಿಮೆ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದುಕೊಂಡು, ಟ್ರೆಮೊಲೊದಲ್ಲಿ, ಅಂದರೆ ಏರಿಳಿಯುವ ಸದ್ದಿನಲ್ಲಿ, ನಡುಗುತ್ತಾ ನಡೆಯುವ ಗಿಟಾರ್. ಅದರ ಮೇಲೆ ಬ್ಯಾಂಡಿನ ಗಾಯಕ, ಲೀಡ್ ಗಿಟಾರ್ ವಾದಕ ಜಾನ್ ಫೋಗರ್ಟಿಯ ಒಡೆದ ಗಂಟಲು. ಲೂಸಿಯಾನಾದ ಜೌಗು ನೆಲದ ಬಗ್ಗೆ ಹೀಗೆ ಹಾಡಿದವರು ಆ ಊರಿನವರಲ್ಲ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಎಲ್ ಸೆರಿಟೊದವರು. ಇದು ತಿಳಿದ ಮೇಲೂ ಹಾಡಿನ ಮೇಲಿನ ನನ್ನ ನಂಬಿಕೆ ಒಂದಿಷ್ಟೂ ಕಡಿಮೆಯಾಗಿಲ್ಲ.

1969ರಲ್ಲೇ ಇನ್ನೂ ಎರಡು ಆಲ್ಬಮ್ ಬಂದವು: ‘ಗ್ರೀನ್ ರಿವರ್’, ‘ವಿಲ್ಲಿ ಆ್ಯಂಡ್ ದ ಪೂರ್ ಬಾಯ್ಸ್’. ಒಂದೇ ವರ್ಷದಲ್ಲಿ ಮೂರು! ‘ಗ್ರೀನ್ ರಿವರ್’ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಅದರಲ್ಲಿರುವ ‘ರೋಟ್ ಎ ಸಾಂಗ್ ಫಾರ್ ಎವ್ರಿಒನ್’ ನನಗೆ ಅವರ ಹೆಸರಾಂತ ಹಿಟ್ ‘ಪ್ರೌಡ್ ಮೇರಿ’ಗಿಂತ ಹತ್ತಿರ. ಊರಿಗೆಲ್ಲ ಹಾಡು ಕಟ್ಟಬಲ್ಲವನಿಗೆ ತನ್ನವಳ ಜೊತೆ ನೆಟ್ಟಗೆ ನಾಲ್ಕು ಮಾತಾಡಲು ಆಗುತ್ತಿಲ್ಲ ಎಂಬ ಸಂಕಟ ಅದು. ‘ವಿಲ್ಲಿ’ಯಲ್ಲಿ ‘ಫಾರ್ಚುನೇಟ್ ಸನ್’ ಎಲ್ಲರಿಗೂ ಗೊತ್ತು. ವಿಯೆಟ್ನಾಂ ಯುದ್ಧಕ್ಕೆ ಬಡವರ ಮಕ್ಕಳು ಹೋಗಬೇಕು, ದೊಡ್ಡವರ ಮಕ್ಕಳು ತಪ್ಪಿಸಿಕೊಳ್ಳಬಹುದು ಎಂಬ ಸಿಟ್ಟು ಎರಡೂವರೆ ನಿಮಿಷದೊಳಗೆ ಸಿಡಿದು ಮುಗಿಯುತ್ತದೆ. ಅದೇ ಆಲ್ಬಮ್‌ನ ಕೊನೆಯ ‘ಎಫಿಜಿ’ ಆರು ನಿಮಿಷಕ್ಕೂ ಹೆಚ್ಚು ಹೊತ್ತು ನಿಧಾನವಾಗಿ ಉರಿಯುತ್ತದೆ. ಎರಡನ್ನೂ ಒಂದೇ ಕೂರಿಕೆಯಲ್ಲಿ ಕೇಳಿದರೆ ಆ ಸಿಟ್ಟಿನ ಆಳ ತಿಳಿಯುತ್ತದೆ.

ಒಂದೇ ಆಲ್ಬಮ್ ಕೇಳುವಷ್ಟು ಪುರುಸೊತ್ತು ಇದೆ ಎನ್ನುವವರಿಗೆ 1970ರ ‘ಕಾಸ್ಮೋಸ್ ಫ್ಯಾಕ್ಟರಿ’. ಮೊದಲ ಹಾಡು ‘ರ‍್ಯಾಂಬಲ್ ಟ್ಯಾಂಬಲ್’ ಏಳು ನಿಮಿಷದ್ದು. ರಾಕಬಿಲಿ (ಕಂಟ್ರಿ ಬೆರೆತ ಹಳೆಯ ರಾಕ್ ಆ್ಯಂಡ್ ರೋಲ್) ಓಟದಲ್ಲಿ ಹೊರಟು, ಸುಮಾರು ಎರಡು ನಿಮಿಷದ ಹೊತ್ತಿಗೆ ಗತಿ ಇಳಿಸಿಬಿಡುತ್ತದೆ. ಆಮೇಲೆ ಬಹಳ ಹೊತ್ತು ಹಾಡುಗಾರಿಕೆಯೇ ಇಲ್ಲ. ಕಾರ್ಡ್‌ಗಳ ಅದೇ ಸುತ್ತು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸುತ್ತಿಗೂ ಗಿಟಾರ್ ಒಂದಿಷ್ಟು ಕಾವೇರುತ್ತದೆ, ಇನ್ನು ತಡೆಯಲಾಗದು ಅನ್ನಿಸುವಾಗ ಮೊದಲಿನ ಓಟ ಮರಳುತ್ತದೆ. ಇದನ್ನು ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಕೇಳಬೇಡಿ, ಸ್ಟೂ ಕುಕ್ ನುಡಿಸಿದ ಬೇಸ್ ಗಿಟಾರ್ ಪೂರ್ತಿ ಕಳೆದುಹೋಗುತ್ತದೆ.

ಅದೇ ಆಲ್ಬಮ್‌ನ ಹನ್ನೊಂದು ನಿಮಿಷದ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಎಳೆದಾಟ ಎಂದು ಹಲವರ ದೂರು. ಹಾಗನ್ನುವವರು ಒಮ್ಮೆ ಲೀಡ್ ಗಿಟಾರ್ ಬಿಟ್ಟು ಹಿಂದಿನವರನ್ನು ಕೇಳಬೇಕು. ಡಗ್ ಕ್ಲಿಫರ್ಡ್ ನುಡಿಸಿದ ಡ್ರಮ್ಸ್, ಜಾನ್ ಅವರ ಅಣ್ಣ ಟಾಮ್ ಫೋಗರ್ಟಿಯ ರಿದಮ್ ಗಿಟಾರ್: ಯಾರೂ ಮುಂದೆ ನುಗ್ಗುವುದಿಲ್ಲ, ಎತ್ತಿನ ಗಾಣದ ಹಾಗೆ ಒಂದೇ ಹದದಲ್ಲಿ ತಿರುಗುತ್ತಾರೆ. ಜಾನ್ ಅಷ್ಟು ನಿರಾಳವಾಗಿ ಅಲೆಯಲು ಸಾಧ್ಯವಾದದ್ದು ಇವರಿಂದ.

ಟಾಮ್ 1971ರಲ್ಲಿ ಬ್ಯಾಂಡ್ ಬಿಟ್ಟರು. ಮೂವರೇ ಮಾಡಿದ 1972ರ ‘ಮಾರ್ಡಿ ಗ್ರಾ’ದಲ್ಲಿ ಕುಕ್ ಮತ್ತು ಕ್ಲಿಫರ್ಡ್ ಕೂಡ ಬರೆದು ಹಾಡಿದ್ದಾರೆ. ಅವರ ಮೇಲೆ ಎಷ್ಟೇ ಅಭಿಮಾನವಿದ್ದರೂ ಆ ಹಾಡುಗಳು ನಿಲ್ಲುವುದಿಲ್ಲ. ‘ಸಮ್‌ಡೇ ನೆವರ್ ಕಮ್ಸ್’ ಒಂದಕ್ಕಾಗಿ ಮಾತ್ರ ನಾನು ಅದನ್ನು ತೆರೆಯುತ್ತೇನೆ.

ಕೊಳ್ಳುವವರಿಗೆ: 2008ರ ಸಿಡಿ ಆವೃತ್ತಿಗಳಲ್ಲಿ ಹೆಚ್ಚುವರಿ ಹಾಡುಗಳಿವೆ, ಧ್ವನಿಯೂ ಚೆನ್ನಾಗಿದೆ. ಲೈವ್ ಬೇಕೆಂದರೆ ಹೆಸರು ನೋಡಿ ಆರಿಸಿ. 1980ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಕಛೇರಿ ಎಂದು ಬಂದ ರೆಕಾರ್ಡ್ ನಿಜಕ್ಕೂ ಓಕ್‌ಲ್ಯಾಂಡಿನದು. ಆಮೇಲೆ ಅದರ ಹೆಸರನ್ನು ‘ದ ಕಾನ್ಸರ್ಟ್’ ಎಂದು ಬದಲಿಸಿದರು. 1970ರ ಏಪ್ರಿಲ್‌ನ ನಿಜವಾದ ಲಂಡನ್ ಕಛೇರಿ ಹೊರಬಂದದ್ದು 2022ರಲ್ಲಿ. ನನ್ನ ಆಯ್ಕೆ ಅದೇ. ಕೊನೆಯ ‘ಕೀಪ್ ಆನ್ ಚೂಗ್ಲಿನ್’ಗೆ ತಲುಪುವವರೆಗೆ ನಾಲ್ವರೂ ಒಂದು ಕ್ಷಣ ಸಡಿಲಾಗುವುದಿಲ್ಲ.