ಗಡಿಯಾರಕ್ಕಿಂತ ಮೊದಲು ಬಟ್ಟೆ ಕೌಂಟರ್: ‘ಸೇಫ್ಟಿ ಲಾಸ್ಟ್’ ಬ್ಲೂ-ರೇ

ಕನ್ನಡಕ ಹಾಕಿದ ಯುವಕನೊಬ್ಬ ದೊಡ್ಡ ಗಡಿಯಾರದ ಮುಳ್ಳು ಹಿಡಿದು ನೇತಾಡುತ್ತಿರುತ್ತಾನೆ, ಕೆಳಗೆ ರಸ್ತೆಯಲ್ಲಿ ಕಾರು ಟ್ರಾಮು ಓಡುತ್ತಿರುತ್ತವೆ. ಈ ಫೋಟೊವನ್ನು ಎಲ್ಲೋ ಒಂದು ಕಡೆ ನೀವು ನೋಡಿಯೇ ಇರುತ್ತೀರಿ. ಆ ಯುವಕ ಹೆರಾಲ್ಡ್ ಲಾಯ್ಡ್, ಸಿನಿಮಾ 1923ರ ‘ಸೇಫ್ಟಿ ಲಾಸ್ಟ್’. 73 ನಿಮಿಷದ ಈ ಮೂಕಿ ನಗೆಚಿತ್ರವನ್ನು ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2013ರಲ್ಲಿ ಬ್ಲೂ-ರೇ ಡಿಸ್ಕ್ ಮಾಡಿ ಹೊರತಂದಿದೆ. ನ್ಯೂಜೆರ್ಸಿಯಿಂದ ಊರಿಗೆ ಬಂದ ಅಕ್ಕ ಅದನ್ನು ನನಗಾಗಿ ತಂದುಕೊಟ್ಟಳು. ಹಳೆಯ ಸಿನಿಮಾದ ಮೇಲೆ ಚೂರು ಆಸಕ್ತಿ ಇದ್ದರೂ ಸಾಕು, ಧೈರ್ಯವಾಗಿ ಕೊಳ್ಳಿ.

ನನಗೆ ಇದು ಸಿಕ್ಕಿದ್ದು ಒಂದು ಪಂಥದ ದಾರಿಯಲ್ಲಿ. 1915ರಿಂದ ಹಿಡಿದು ಇಸವಿಗೊಂದು ಸಿನಿಮಾ, ಕ್ರಮವಾಗಿ, ಒಂದೂ ಇಸವಿ ಬಿಡದೆ ನೋಡಬೇಕು ಎಂದು ನಿಶ್ಚಯ ಮಾಡಿಕೊಂಡಿದ್ದೆ. ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ ಬಂದ 1934ರ ತನಕ ಒಂದು ಘಟ್ಟ, ಆಮೇಲೆ ಮುಂದಿನದು. 1921ಕ್ಕೆ ಚಾಪ್ಲಿನ್‌ನ ‘ದ ಕಿಡ್’ ನೋಡಿ ಕಣ್ಣು ಒದ್ದೆಯಾಗಿತ್ತು. 1923ಕ್ಕೆ ಬಂದ ಮೇಲೆ ಮುಂದೆ ಹೋಗುವ ಮನಸ್ಸೇ ಬರಲಿಲ್ಲ. ಲಾಯ್ಡ್‌ನನ್ನು ಮತ್ತೆ ಮತ್ತೆ ನೋಡಿದೆ. ಅದೇ ಇಸವಿಯ ಬಸ್ಟರ್ ಕೀಟನ್‌ನ ‘ಅವರ್ ಹಾಸ್ಪಿಟಾಲಿಟಿ’ಯನ್ನೂ ನೋಡಿದೆ. ಇಸವಿಗೆ ಒಂದೇ ಎಂಬ ನಿಯಮವನ್ನು ಅಲ್ಲಿಗೇ ಕೈಬಿಟ್ಟೆ.

ಎಲ್ಲರೂ ಗಡಿಯಾರದ ಬಗ್ಗೆ ಬರೆಯುತ್ತಾರೆ. ನಾನು ಬಟ್ಟೆ ಕೌಂಟರಿನಿಂದ ಶುರು ಮಾಡುತ್ತೇನೆ, ಏಕೆಂದರೆ ಶಿವಮೊಗ್ಗದ ಗಾಂಧಿಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ವರ್ಷಗಟ್ಟಲೆ ಅಂಥದ್ದೇ ಕೌಂಟರಿನ ಹಿಂದೆ ನಿಂತವನು ನಾನು. ಕಥೆಯ ಹುಡುಗ ಮದುವೆಗೆ ಮೊದಲು ಒಂದು ನೆಲೆ ಕಂಡುಕೊಳ್ಳಬೇಕೆಂದು ಊರು ಬಿಟ್ಟು ಪಟ್ಟಣಕ್ಕೆ ಬರುತ್ತಾನೆ. ಸಿಗುವುದು ದೊಡ್ಡ ಅಂಗಡಿಯೊಂದರಲ್ಲಿ ಬಟ್ಟೆ ಹರಿದು ಕೊಡುವ ಕೆಲಸ, ವಾರಕ್ಕೆ 15 ಡಾಲರ್ ಸಂಬಳ. ಊರಿನ ಹುಡುಗಿಗೆ ಮಾತ್ರ ತಾನು ದೊಡ್ಡ ಹುದ್ದೆಯಲ್ಲಿದ್ದೇನೆ ಎಂದು ಕಾಗದ ಬರೆಯುತ್ತಾನೆ. ಅವಳಿಗೊಂದು ಸರ ಕಳಿಸಲು ದುಡ್ಡು ಎಣಿಸುವ ದೃಶ್ಯವಿದೆ. ನಾಣ್ಯಗಳು ಒಂದೊಂದಾಗಿ ಅಂಗಡಿಯವನ ಕೈ ಸೇರಿದಂತೆ, ಹುಡುಗನ 50 ಸೆಂಟಿನ ಊಟದ ತಟ್ಟೆಯಿಂದ ಒಂದೊಂದು ಪದಾರ್ಥ ಮಾಯವಾಗುತ್ತದೆ. ಸಂಬಳದ ದಿನ ಮನೆಗೆ ಹಣ ಕಳಿಸಿ ಉಳಿದದ್ದನ್ನು ಲೆಕ್ಕ ಹಾಕಿದ ಯಾರಿಗೇ ಆದರೂ ಇದು ನಗು ತರಿಸುತ್ತದೆ, ಗಂಟಲನ್ನೂ ಕಟ್ಟುತ್ತದೆ.

ಇನ್ನು ಸೇಲ್ ದಿನದ ನೂಕುನುಗ್ಗಲು. ಹೆಂಗಸರು ಕೌಂಟರಿಗೆ ಮುಗಿಬೀಳುತ್ತಾರೆ, ಒಂದೇ ಬಟ್ಟೆಯನ್ನು ನಾಲ್ಕು ಕಡೆಯಿಂದ ಎಳೆಯುತ್ತಾರೆ, ಹುಡುಗನ ಕೋಟು ಹರಿಯುತ್ತದೆ. ಗುಂಪಿನ ಹಿಂದೆ ನಿಂತ ಮುದುಕಿಯೊಬ್ಬಳಿಗೆ ಅವಳ ಕಟ್ಟು ತಲುಪಿಸಬೇಕು, ದಾರಿಯೇ ಇಲ್ಲ. ‘50 ಡಾಲರ್ ನೋಟು ಬೀಳಿಸಿಕೊಂಡವರು ಯಾರು?’ ಎಂದು ಕೂಗುತ್ತಾನೆ. ಎಲ್ಲರೂ ಒಟ್ಟಿಗೆ ಬಗ್ಗಿ ನೆಲ ನೋಡುತ್ತಾರೆ, ಕಟ್ಟು ಅವರ ಬೆನ್ನಿನ ಮೇಲಿಂದ ಸಾಗಿ ಮುದುಕಿಯ ಕೈ ಸೇರುತ್ತದೆ. ಇಷ್ಟೆಲ್ಲ ಆದ ಮೇಲೆ ಮೇಲ್ವಿಚಾರಕ ಬಂದು ಗದರುವುದು ಯಾವುದಕ್ಕೆ ಗೊತ್ತೇ? ಗಿರಾಕಿಗಳ ಮುಂದೆ ಕೋಟಿಲ್ಲದೆ ನಿಂತದ್ದಕ್ಕೆ! ಆಷಾಢದ ಸೇಲಿನಲ್ಲಿ ಸಂಜೆಯ ತನಕ ಥಾನು ಬಿಚ್ಚಿ ಸುತ್ತಿದ ನನ್ನಂಥವರಿಗೆ ಇದರ ಒಂದೊಂದು ಚೌಕಟ್ಟೂ ಸತ್ಯ. ಅಂಗಡಿ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿದ ಇನ್ನೊಂದು ಸಿನಿಮಾ ನನಗೆ ಸಿಕ್ಕಿಲ್ಲ.

ಈ ಮೊದಲ ಭಾಗ ಇಲ್ಲದಿದ್ದರೆ ಕೊನೆಯ ಹತ್ತುವಿಕೆ ಬರೀ ಸರ್ಕಸ್ ಆಗಿಬಿಡುತ್ತಿತ್ತು. ಅಂಗಡಿಗೆ ಜನ ಸೇರಿಸುವ ಉಪಾಯಕ್ಕೆ 1000 ಡಾಲರ್ ಸಿಗುತ್ತದೆಂದು ಹುಡುಗನ ಕಿವಿಗೆ ಬೀಳುತ್ತದೆ. ಕಟ್ಟಡ ಹತ್ತುವುದರಲ್ಲಿ ನಿಪುಣನಾದ ಗೆಳೆಯನನ್ನು ಒಪ್ಪಿಸುತ್ತಾನೆ. ಆದರೆ ಗೆಳೆಯನ ಬೆನ್ನಿಗೆ ಪೊಲೀಸ್ ಬೀಳುವುದರಿಂದ ‘ಒಂದು ಮಹಡಿ ನೀನು ಹತ್ತು, ಆಮೇಲೆ ನಾನು’ ಎಂಬ ಮಾತಾಗುತ್ತದೆ. ಆ ಒಂದು ಮಹಡಿ ಎರಡಾಗಿ, ಮೂರಾಗಿ, ಮುಗಿಯುವುದೇ ಇಲ್ಲ. ಪಾರಿವಾಳಗಳು ಬರುತ್ತವೆ, ಬಲೆ ಬೀಳುತ್ತದೆ, ಪ್ಯಾಂಟಿನೊಳಗೆ ಇಲಿ ಹೊಗುತ್ತದೆ. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು, ಹಾಗಾಗಿ ನಡುನಡುವೆ ಬರುವ ಬರಹವನ್ನು ಕನ್ನಡದಲ್ಲಿ ಹೇಳುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಿಗೆ ‘ನೀ ಹೇಳ್ಬೇಡ, ನಂಗೆ ಗೊತ್ತಾಗ್ತದೆ’ ಅಂದರು. ಇಲಿ ಬಂದಾಗ ‘ಸಾಕು, ಇಳಿಯೋ ಮಾರಾಯ!’ ಎಂದು ಟಿವಿಗೇ ಕೂಗಿದರು.

ಇದನ್ನು ಹೇಗೆ ತೆಗೆದರು ಎಂಬುದನ್ನು ಡಿಸ್ಕ್‌ನಲ್ಲಿರುವ ಹೆಚ್ಚುವರಿ ಚಿತ್ರಗಳು ವಿವರಿಸುತ್ತವೆ. ಲಾಸ್ ಏಂಜಲೀಸ್‌ನ ನಿಜವಾದ ಕಟ್ಟಡಗಳ ತಾರಸಿಯ ಮೇಲೆ ಗೋಡೆಯ ಸೆಟ್ ಕಟ್ಟಿ, ಹಿಂದಿನ ರಸ್ತೆ ಕಾಣುವ ಹಾಗೆ ಕ್ಯಾಮೆರಾ ಇಟ್ಟಿದ್ದಾರೆ. ಹುಡುಗ ಮೇಲೇರಿದಂತೆ ಸೆಟ್ಟನ್ನು ಹೆಚ್ಚು ಎತ್ತರದ ಕಟ್ಟಡಕ್ಕೆ ಬದಲಾಯಿಸಿದ್ದಾರೆ. ಕೆಳಗೆ ಹಾಸಿಗೆ ಹಾಕಿದ ಅಟ್ಟಣೆ. ದೂರದಿಂದ ತೆಗೆದ ಕೆಲವು ದೃಶ್ಯಗಳಲ್ಲಿ ಹತ್ತುವವನು ಬಿಲ್ ಸ್ಟ್ರೋದರ್, ಗೆಳೆಯನ ಪಾತ್ರ ಮಾಡಿದವನೂ ಅವನೇ. ನಿಜ ಜೀವನದಲ್ಲೂ ಕಟ್ಟಡ ಹತ್ತುವುದೇ ಅವನ ವೃತ್ತಿ, ಅದನ್ನು ನೋಡಿಯೇ ಲಾಯ್ಡ್‌ಗೆ ಈ ಕಥೆ ಹೊಳೆದದ್ದು. ಉಳಿದದ್ದೆಲ್ಲ ಲಾಯ್ಡ್ ತಾನೇ ಮಾಡಿದ್ದೇನಲ್ಲ, ಸಾಹಸಿಗರ ನೆರವೂ ಇತ್ತು. ಆದರೆ ಹತ್ತಿರದ ದೃಶ್ಯಗಳಲ್ಲಿ ಮುಳ್ಳು ಹಿಡಿದಿರುವುದು ಅವನದೇ ಕೈ. 1919ರಲ್ಲಿ ಫೋಟೊ ತೆಗೆಯುವಾಗ ಆಟದ್ದೆಂದುಕೊಂಡ ಬಾಂಬು ನಿಜವಾಗಿ ಸಿಡಿದು, ಬಲಗೈಯ ಹೆಬ್ಬೆರಳು, ತೋರುಬೆರಳು ಹೋಗಿದ್ದವು. ಅದನ್ನು ಮರೆಮಾಡುವ ಕೈಗವಸು ಹಾಕಿಕೊಂಡೇ ಅವನು ನಟಿಸುತ್ತಿದ್ದ. ಗುಟ್ಟು ತಿಳಿದರೆ ಮಜಾ ಹೋಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗಾಗಲಿಲ್ಲ. ಎಲ್ಲ ತಿಳಿದ ಮೇಲೆ ಮತ್ತೆ ನೋಡಿದಾಗ ನನ್ನ ಕಣ್ಣು ಆ ಬಲಗೈಯನ್ನು ಬಿಟ್ಟು ಕದಲಲಿಲ್ಲ, ಅಂಗೈ ಬೆವರಿತು.

ಚಿತ್ರದ ಗುಣಮಟ್ಟ ಅಚ್ಚರಿ ಹುಟ್ಟಿಸುವಂಥದ್ದು. ಬಟ್ಟೆಯ ನೇಯ್ಗೆ, ಕಿಟಕಿಯ ಚೌಕಟ್ಟಿನ ಬಣ್ಣ ಕಿತ್ತ ಜಾಗ ಎಲ್ಲವೂ ಕಾಣುತ್ತದೆ. ಲಾಯ್ಡ್ ತನ್ನ ಸಿನಿಮಾಗಳ ಹಕ್ಕನ್ನೂ ಪ್ರತಿಗಳನ್ನೂ ತಾನೇ ಇಟ್ಟುಕೊಂಡಿದ್ದ. 1943ರಲ್ಲಿ ಅವನ ಮನೆಯ ಉಗ್ರಾಣಕ್ಕೆ ಬೆಂಕಿ ಬಿದ್ದು ಕೆಲವು ಸುಟ್ಟುಹೋದರೂ ಇದು ಉಳಿಯಿತು. ‘ಸತಿ ಸುಲೋಚನ’ದ ಒಂದು ಪ್ರತಿಯೂ ನಮಗೆ ಉಳಿದಿಲ್ಲ. ಅದಕ್ಕಿಂತ ಹನ್ನೊಂದು ವರ್ಷ ಹಳೆಯದಾದ ಈ ಸಿನಿಮಾ ಹೀಗೆ ಫಳಫಳ ಹೊಳೆಯುವುದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನ ಪಂಥದ 1934ನೇ ಇಸವಿಗೆ ಬೇರೆ ಸಿನಿಮಾ ಹುಡುಕಬೇಕು.

ಕೊರತೆಗಳೂ ಇವೆ. ಚಿನ್ನದಂಗಡಿಯ ಯಹೂದಿ ವ್ಯಾಪಾರಿಯನ್ನು ಕೈ ಉಜ್ಜುವ ದುರಾಸೆಯವನಂತೆ ತೋರಿಸಿದ್ದು ಇಂದು ನೋಡಲು ಹೇಸಿಗೆ. ಜೊತೆಗೆ ಕೊಟ್ಟಿರುವ ಮೂರು ಕಿರುಚಿತ್ರಗಳು ಸಾಧಾರಣ, ಒಮ್ಮೆ ನೋಡಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಇದು ರೀಜನ್ ಎ ಡಿಸ್ಕ್, ಅಂದರೆ ಅಮೆರಿಕ ಸೇರಿದ ವಲಯದ ಪ್ಲೇಯರುಗಳಿಗೆಂದು ಮಾಡಿದ್ದು. ಭಾರತ ರೀಜನ್ ಸಿ ಆದ್ದರಿಂದ ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರಿನಲ್ಲಿ ಓಡುವುದಿಲ್ಲ. ಎಲ್ಲ ರೀಜನ್‌ಗೂ ಹೊಂದುವ ಪ್ಲೇಯರ್ ಇದೆಯೇ ಎಂದು ನೋಡಿಕೊಂಡೇ ತರಿಸಿ.

ನೋಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಕಾರ್ಲ್ ಡೇವಿಸ್ 1989ರಲ್ಲಿ ಮಾಡಿದ ವಾದ್ಯವೃಂದದ ಸಂಗೀತ ಹಾಕಿಕೊಂಡು, ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿ. ಮೂಕಿ ಯುಗದಲ್ಲೇ ಚಿತ್ರಮಂದಿರಗಳಲ್ಲಿ ನುಡಿಸುತ್ತಿದ್ದ ಗೇಲಾರ್ಡ್ ಕಾರ್ಟರ್ ಅವರ ಆರ್ಗನ್ ಸಂಗೀತವನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಲಾಯ್ಡ್ ಬಗ್ಗೆ ಕೆವಿನ್ ಬ್ರೌನ್ಲೋ, ಡೇವಿಡ್ ಗಿಲ್ ಮಾಡಿದ ಸಾಕ್ಷ್ಯಚಿತ್ರ ಅದೇ ಡಿಸ್ಕ್‌ನಲ್ಲಿದೆ, ಅದು ಕೊನೆಗಿರಲಿ. ಅಷ್ಟರಲ್ಲಿ ಅವನ 1924ರ ‘ಗರ್ಲ್ ಶೈ’ ಎಲ್ಲಿ ಸಿಗುತ್ತದೆಂದು ನೀವೇ ಹುಡುಕಲು ಶುರು ಮಾಡಿರುತ್ತೀರಿ.